ಯಾವ ಯುಎಸ್‌ಬಿ ಮೈಕ್ ಕೊಳ್ಳಬೇಕು? ಮೊದಲು ನಿಮ್ಮ ಕೋಣೆಯನ್ನು ಕೇಳಿ

ಮೊದಲು ನನ್ನ ಪೆದ್ದುತನದ ಕಥೆ ಹೇಳಿಬಿಡುತ್ತೇನೆ. ಹೊಸ ಯುಎಸ್‌ಬಿ ಮೈಕ್ ಬಂದ ದಿನ. ಪೆಟ್ಟಿಗೆ ಬಿಚ್ಚಿ, ಲ್ಯಾಪ್‌ಟಾಪ್‌ಗೆ ಚುಚ್ಚಿದೆ. ದೀಪ ಹತ್ತಿತು. ಖುಷಿಯಲ್ಲಿ ನಲವತ್ತು ನಿಮಿಷ ಮಾತಾಡಿದೆ. ಆಮೇಲೆ ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ದನಿ ಬಾವಿಯೊಳಗಿಂದ ಬಂದ ಹಾಗಿತ್ತು. ಜೊತೆಗೆ ಲ್ಯಾಪ್‌ಟಾಪ್ ಫ್ಯಾನಿನ ಗುಂಯ್ ಬೇರೆ. ಮೈಕೇ ಕೆಟ್ಟದ್ದು ಎಂದುಕೊಂಡು ವಾಪಸ್ ಕಳಿಸಲು ಪೆಟ್ಟಿಗೆ ಹುಡುಕುತ್ತಿದ್ದೆ. ಅಷ್ಟರಲ್ಲಿ ಗೆಳೆಯನೊಬ್ಬ ಬಂದ. ಏನೂ ಮಾತಾಡದೆ ಮೈಕಿನ ಜಾಲರಿಯನ್ನು ಉಗುರಿನಿಂದ ಕೆರೆದ. ಪರದೆ ಮೇಲಿನ ಮೀಟರ್ ಅಲ್ಲಾಡಲಿಲ್ಲ. ಲ್ಯಾಪ್‌ಟಾಪಿನ ಕೀಬೋರ್ಡ್ ಪಕ್ಕ ಕೆರೆದ. ಮೀಟರ್ ಎಗರಿತು. ಅಷ್ಟೂ ಹೊತ್ತು ನನ್ನ ಮಾತು ರೆಕಾರ್ಡ್ ಆಗಿದ್ದು ಲ್ಯಾಪ್‌ಟಾಪಿನ ಒಳಗಿರುವ ಚಿಕ್ಕ ಮೈಕಿನಲ್ಲಿ!

ಸರಿ, ಆ್ಯಪ್‌ನಲ್ಲಿ ಹೊಸ ಮೈಕನ್ನು ಆರಿಸಿ ಮತ್ತೆ ರೆಕಾರ್ಡ್ ಮಾಡಿದೆ. ದನಿ ಗಟ್ಟಿಯಾಯಿತು, ನಿಜ. ಆದರೆ ಬಾವಿ ಹಾಗೇ ಇತ್ತು. ಆಗಲೇ ನನಗೆ ಗೊತ್ತಾಗಿದ್ದು, ನಾನು ಮೈಕ್ ಆರಿಸಿದ್ದು ನನ್ನ ದನಿಯನ್ನು ನೋಡಿ, ಕೋಣೆಯನ್ನು ನೋಡಿ ಅಲ್ಲ ಅಂತ. ಎಲ್ಲ ಮೈಕೂ ನಿಮ್ಮ ದನಿಯನ್ನು ಹಿಡಿಯುತ್ತದೆ. ಅದರ ಜೊತೆ ಇನ್ನೇನೇನು ಹಿಡಿಯುತ್ತದೆ ಅನ್ನುವುದರಲ್ಲೇ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ. ಈ ಹೋಲಿಕೆಯನ್ನು ಪೂರ್ತಿ ಆ ಕಣ್ಣಿನಿಂದಲೇ ಬರೆದಿದ್ದೇನೆ.

ಒಂದು ಚಪ್ಪಾಳೆಯ ಪರೀಕ್ಷೆ

ಅಂಗಡಿಗೆ ಹೋಗುವ ಮೊದಲು ರೆಕಾರ್ಡ್ ಮಾಡುವ ಜಾಗದಲ್ಲಿ ಕೂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ. ‘ಟಪ್’ ಅಂತ ಅಲ್ಲಿಗೇ ನಿಂತರೆ ಒಳ್ಳೆಯ ಕೋಣೆ. ‘ಟಪ್‌ಪ್‌ಪ್ರ್’ ಅಂತ ಬಾಲ ಉಳಿದರೆ ಗೋಡೆ, ನೆಲ, ಕಿಟಕಿ ಗಾಜು ಎಲ್ಲ ಸೇರಿ ಶಬ್ದವನ್ನು ಚೆಂಡಿನ ಹಾಗೆ ಆಡಿಸುತ್ತಿವೆ ಅಂತ ಅರ್ಥ. ಇನ್ನೊಂದು ಕೆಲಸ ಮಾಡಿ. ಕಣ್ಣು ಮುಚ್ಚಿ ಒಂದು ನಿಮಿಷ ಸುಮ್ನೆ ಕೂತು, ಕೇಳಿಸಿದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆಯಿರಿ. ಸೀಲಿಂಗ್ ಫ್ಯಾನ್, ಫ್ರಿಜ್, ರಸ್ತೆಯ ಹಾರ್ನ್, ಪಕ್ಕದ ಕೋಣೆಯ ಟಿವಿ. ನಿಮ್ಮ ಮೈಕಿಗೆ ಏನೇನು ಕೇಳಿಸಬಾರದು ಅನ್ನುವುದರ ಪಟ್ಟಿ ಇದು.

ಬಾಲ ಕಡಿಮೆ ಮಾಡಲು ಖರ್ಚೇನೂ ಬೇಡ. ಬಟ್ಟೆ ತುಂಬಿದ ಬೀರು ತೆರೆದಿಡಿ, ದಪ್ಪ ಪರದೆ ಎಳೆಯಿರಿ, ನೆಲಕ್ಕೆ ಕಂಬಳಿ ಹಾಸಿ, ಹಾಸಿಗೆ ಇರುವ ಕೋಣೆಯಲ್ಲಿ ಕೂರಿ. ಮೊಟ್ಟೆ ಟ್ರೇಗಳನ್ನು ಗೋಡೆಗೆ ಅಂಟಿಸುವವರಿದ್ದಾರೆ. ದಯವಿಟ್ಟು ಬೇಡ. ತೆಳ್ಳನೆ ರಟ್ಟು ಶಬ್ದವನ್ನು ಹೀರುವುದು ಅಷ್ಟಕ್ಕಷ್ಟೇ. ಅದಕ್ಕಿಂತ ಹಳೆಯ ರಜಾಯಿ ಎಷ್ಟೋ ಮೇಲು.

ಕಂಡೆನ್ಸರ್ ಬೇಕಾ, ಡೈನಮಿಕ್ ಬೇಕಾ?

ಮುಖ್ಯವಾದ ಆಯ್ಕೆ ಇದೇ. ಉಳಿದದ್ದೆಲ್ಲ ಇದರ ಹಿಂದೆ ಬರುತ್ತದೆ.

ಕಂಡೆನ್ಸರ್ ಮೈಕಿನಲ್ಲಿ ತುಂಬಾ ತೆಳುವಾದ ಒಂದು ಪೊರೆ ಇರುತ್ತದೆ. ಅದರ ಹಿಂದೆ ಕೂದಲೆಳೆಯಷ್ಟು ಅಂತರದಲ್ಲಿ ಒಂದು ತಟ್ಟೆ. ಗಾಳಿ ಸ್ವಲ್ಪ ಅಲುಗಿದರೂ ಪೊರೆ ಅಲುಗುತ್ತದೆ. ಅದಕ್ಕೇ ಇದು ಉಸಿರು, ತುಟಿ ಬಿಚ್ಚುವ ಚಪ್ ಶಬ್ದ, ಅಂಗಿಯ ಸರಸರ ಎಲ್ಲವನ್ನೂ ಹಿಡಿಯುತ್ತದೆ. ಡೈನಮಿಕ್ ಮೈಕಿನಲ್ಲಿ ಪೊರೆಗೆ ತಂತಿಯ ಸುರುಳಿ ಅಂಟಿರುತ್ತದೆ. ಆಯಸ್ಕಾಂತದ ನಡುವೆ ಆ ಸುರುಳಿ ಹಿಂದೆ ಮುಂದೆ ಆಡಬೇಕು. ಸುರುಳಿಗೆ ಭಾರ ಇದೆ. ಹಾಗಾಗಿ ಇದು ಅಷ್ಟು ಸೂಕ್ಷ್ಮ ಅಲ್ಲ, ತೀರಾ ಮೇಲಿನ ಸ್ವರಗಳೂ ಸ್ವಲ್ಪ ಮೆತ್ತಗಾಗುತ್ತವೆ.

ಇಲ್ಲಿ ಎಲ್ಲರೂ ಹೇಳುವ ಒಂದು ಮಾತಿದೆ: ‘ಡೈನಮಿಕ್ ಮೈಕ್ ಹಿನ್ನೆಲೆ ಗಲಾಟೆಯನ್ನು ತೆಗೆದುಹಾಕುತ್ತದೆ’. ಇದು ಅರ್ಧ ಸತ್ಯ. ಒಂದೇ ದೂರದಲ್ಲಿ, ಒಂದೇ ದಿಕ್ಕಿನಿಂದ ದನಿ ಹಿಡಿಯುವ ಒಂದು ಕಂಡೆನ್ಸರ್, ಒಂದು ಡೈನಮಿಕ್ ಇಟ್ಟು, ನಿಮ್ಮ ದನಿ ಎರಡರಲ್ಲೂ ಸಮನಾಗಿ ಕೇಳುವ ಹಾಗೆ ಗೇನ್ (ಮೈಕ್ ಹಿಡಿದ ದನಿಯನ್ನು ಎಷ್ಟು ಹೆಚ್ಚಿಸಬೇಕು ಅನ್ನುವ ಮಟ್ಟ) ಹೊಂದಿಸಿ ನೋಡಿ. ಫ್ಯಾನಿನ ಸದ್ದು ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಮತ್ತೆ ಡೈನಮಿಕ್ ಯಾಕೆ ಶಾಂತ ಅನಿಸುತ್ತದೆ? ಅದು ನಿಮ್ಮನ್ನು ಹತ್ತಿರ ಬರುವಂತೆ ಮಾಡುತ್ತದೆ. ದೂರ ಕೂತರೆ ಅದರಲ್ಲಿ ದನಿಯೇ ಬೀಳುವುದಿಲ್ಲ. ಹಾಗಾಗಿ ನಾಲ್ಕು ಬೆರಳಿನಷ್ಟು ಹತ್ತಿರ ಬಾಯಿ ತರುತ್ತೀರಿ. ಆ ಹತ್ತಿರವೇ ಕೆಲಸ ಮಾಡುವುದು.

ಲೆಕ್ಕ ಸುಲಭ. ಬಾಯಿಗೂ ಮೈಕಿಗೂ ಇರುವ ದೂರ ಅರ್ಧ ಆದರೆ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ. ಕೋಣೆಯ ಗುಂಗು ಮಾತ್ರ ಇದ್ದಷ್ಟೇ ಇರುತ್ತದೆ. 60 ಸೆಂಟಿಮೀಟರ್ ದೂರದಿಂದ 15ಕ್ಕೆ ಬಂದರೆ 12 ಡೆಸಿಬೆಲ್ ಲಾಭ. ಇಷ್ಟು ಲಾಭ ಕೊಡುವ ಇನ್ನೊಂದು ಉಪಾಯ ನನಗಂತೂ ಸಿಕ್ಕಿಲ್ಲ.

ಹಾಗಾದರೆ ಆಯ್ಕೆ ಹೇಗೆ? ಕೋಣೆ ಶಾಂತವಾಗಿದ್ದು, ಚಪ್ಪಾಳೆಗೆ ಬಾಲ ಇಲ್ಲದಿದ್ದರೆ, ಹಾಡು ಅಥವಾ ಕೊಳಲು, ಗಿಟಾರ್‌ನಂಥ ವಾದ್ಯ ರೆಕಾರ್ಡ್ ಮಾಡುವುದಿದ್ದರೆ, ಕಂಡೆನ್ಸರ್ ತೆಗೆದುಕೊಳ್ಳಿ. ಅದರಲ್ಲಿ ಬರುವ ಹೊಳಪು ಡೈನಮಿಕ್‌ನಲ್ಲಿ ಬರುವುದಿಲ್ಲ. ವಿಡಿಯೊದಲ್ಲಿ ಮುಖದ ಮುಂದೆ ಮೈಕ್ ಕಾಣಬಾರದು, ಸ್ವಲ್ಪ ದೂರದಲ್ಲೇ ಇಡಬೇಕು ಅನ್ನುವವರಿಗೂ ಇದೇ ಸರಿ. ರೋಡ್ ಎನ್‌ಟಿ-ಯುಎಸ್‌ಬಿ ಮಿನಿ, ಆಡಿಯೊ-ಟೆಕ್ನಿಕಾ ಎಟಿ2020ಯುಎಸ್‌ಬಿ ಪ್ಲಸ್, ಬ್ಲೂ ಯೇಟಿ, ಹೈಪರ್‌ಎಕ್ಸ್ ಕ್ವಾಡ್‌ಕಾಸ್ಟ್, ಎಲ್‌ಗ್ಯಾಟೊ ವೇವ್ 3 ಎಲ್ಲ ಈ ಗುಂಪಿನವು.

ಕೋಣೆ ಗಲಾಟೆಯದ್ದು, ಫ್ಯಾನ್ ಆರಿಸುವ ಹಾಗಿಲ್ಲ, ಕೆಲಸ ಬರೀ ಮಾತಿನದು, ಬಾಯಿ ಹತ್ತಿರ ಮೈಕ್ ಇಟ್ಟುಕೊಳ್ಳಲು ಬೇಸರ ಇಲ್ಲ ಅಂದರೆ ಡೈನಮಿಕ್. ಸ್ಯಾಮ್ಸನ್ ಕ್ಯು2ಯು, ಆಡಿಯೊ-ಟೆಕ್ನಿಕಾ ಎಟಿಆರ್2100ಎಕ್ಸ್, ಶ್ಯೂರ್ ಎಂವಿ7 ಈ ಗುಂಪು. ಮೊದಲ ಸಲ ಮೈಕ್ ಕೊಳ್ಳುವ ಹತ್ತು ಜನ ಕೇಳಿದರೆ ಅದರಲ್ಲಿ ಏಳೆಂಟು ಜನಕ್ಕೆ ನಾನು ಇದನ್ನೇ ಹೇಳುತ್ತೇನೆ. ನಮ್ಮಲ್ಲಿ ಜಾಸ್ತಿ ಜನರ ಬಳಿ ಇರುವುದು ಮಾಮೂಲಿ ಕೋಣೆ, ಸ್ಟುಡಿಯೊ ಅಲ್ವಲ್ಲ.

ಎಲ್ಲಿಂದ ಬಂದ ದನಿಯನ್ನು ಹಿಡಿಯಬೇಕು?

ಬಹುತೇಕ ಯುಎಸ್‌ಬಿ ಮೈಕ್‌ಗಳು ಕಾರ್ಡಿಯಾಯ್ಡ್. ಅಂದರೆ ಮುಂದಿನ ದನಿಯನ್ನು ಚೆನ್ನಾಗಿ ಹಿಡಿದು, ಹಿಂದಿನದನ್ನು ಆದಷ್ಟು ಬಿಡುತ್ತವೆ. ಚಿತ್ರ ಬಿಡಿಸಿದರೆ ಹೃದಯದ ಆಕಾರ ಬರುತ್ತದೆ, ಹೆಸರು ಬಂದಿದ್ದೂ ಅದರಿಂದಲೇ. ಬ್ಲೂ ಯೇಟಿ, ಕ್ವಾಡ್‌ಕಾಸ್ಟ್‌ನಂಥವುಗಳಲ್ಲಿ ನಾಲ್ಕು ಬಗೆ ಇರುತ್ತವೆ: ಕಾರ್ಡಿಯಾಯ್ಡ್, ಸುತ್ತಲೂ ಹಿಡಿಯುವ ಓಮ್ನಿ, ಮುಂದೆ ಮತ್ತು ಹಿಂದೆ ಮಾತ್ರ ಹಿಡಿಯುವ ಎಂಟರ ಆಕಾರದ್ದು, ಆಮೇಲೆ ಸ್ಟೀರಿಯೊ. ಇದಕ್ಕಾಗಿ ಜಾಸ್ತಿ ಹಣ ಕೊಡಬೇಕಾ? ನೀವು ಒಬ್ಬರೇ ಮಾತಾಡುವವರಾದರೆ ಬೇಡ. ಮೊದಲ ದಿನ ಗುಂಡಿ ತಿರುಗಿಸಿ ಆಟ ಆಡುತ್ತೀರಿ, ಆಮೇಲೆ ಅದು ಕಾರ್ಡಿಯಾಯ್ಡ್‌ನಲ್ಲೇ ಉಳಿಯುತ್ತದೆ. ಎದುರುಬದುರು ಕೂತು ಇಬ್ಬರು ಒಂದೇ ಮೈಕಿಗೆ ಮಾತಾಡುವುದಿದ್ದರೆ ಮಾತ್ರ ಎಂಟರ ಆಕಾರದ್ದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಕಾರ್ಡಿಯಾಯ್ಡ್‌ನ ಬೆನ್ನು ಕಿವುಡು. ಇದನ್ನು ಬಳಸಿಕೊಳ್ಳಿ. ಆ ಚೀಟಿಯಲ್ಲಿ ಬರೆದ ಗಲಾಟೆಗಳಲ್ಲಿ ದೊಡ್ಡದು ಯಾವುದೋ, ಅದರ ಕಡೆಗೆ ಮೈಕಿನ ಬೆನ್ನು ಮಾಡಿ. ಕಿಟಕಿ ನಿಮ್ಮ ಬೆನ್ನ ಹಿಂದೆ ಇದ್ದರೆ ಮೈಕಿನ ಮುಖ ನೇರ ಕಿಟಕಿಗೇ ಇರುತ್ತದೆ. ಕುರ್ಚಿ ಆ ಕಡೆಯಿಂದ ಈ ಕಡೆಗೆ ಹಾಕಿದರೆ ಸಾಕು, ಹಾರ್ನ್ ಅರ್ಧ ಕಡಿಮೆ.

ಇಲ್ಲೊಂದು ಸಣ್ಣ ಎಚ್ಚರಿಕೆ. ಮೈಕಿನ ಮುಂಭಾಗ ಯಾವುದು ಅಂತ ನೋಡಿಕೊಳ್ಳಿ. ಕ್ಯು2ಯುನಂಥ ಉದ್ದ ಮೈಕಿಗೆ ತುದಿಯಲ್ಲಿ ಮಾತಾಡಬೇಕು, ವೇದಿಕೆ ಮೈಕಿನ ಹಾಗೆ. ಯೇಟಿಯಂಥ ನಿಂತ ಮೈಕಿಗೆ ಪಕ್ಕದಲ್ಲಿ, ಕಂಪನಿ ಗುರುತು ಇರುವ ಕಡೆಗೆ ಮಾತಾಡಬೇಕು. ಅದನ್ನು ಮಲಗಿಸಿ ನೆತ್ತಿಗೆ ಮಾತಾಡುವವರನ್ನು ವಿಡಿಯೊಗಳಲ್ಲಿ ದಿನಾ ನೋಡುತ್ತೇನೆ. ದನಿ ತೆಳ್ಳಗೆ, ದೂರದಿಂದ ಬಂದ ಹಾಗಿರುತ್ತದೆ. ಪಾಪ, ಬೈಗುಳ ಮಾತ್ರ ಮೈಕಿಗೆ.

ಹೆಡ್‌ಸೆಟ್, ಕಾಲರ್ ಮೈಕ್, ಬ್ಲೂಟೂತ್

ಆನ್‌ಲೈನ್ ಪಾಠ, ಆಫೀಸ್ ಮೀಟಿಂಗ್ ಇಷ್ಟೇ ಆದರೆ ಮೇಜಿನ ಮೈಕ್ ಬೇಕೇ ಇಲ್ಲ. ಒಂದು ಒಳ್ಳೆಯ ಯುಎಸ್‌ಬಿ ಹೆಡ್‌ಸೆಟ್ ಸಾಕು. ತಲೆ ಎತ್ತ ತಿರುಗಿದರೂ ಮೈಕ್ ಬಾಯಿ ಪಕ್ಕದಲ್ಲೇ ಇರುತ್ತದೆ. ದೂರದ ಲೆಕ್ಕ ನೆನಪಿದೆಯಲ್ಲ? ಹೆಡ್‌ಸೆಟ್ ಆ ಲೆಕ್ಕದಲ್ಲಿ ಯಾವಾಗಲೂ ಗೆಲ್ಲುತ್ತದೆ. ದನಿ ಸ್ವಲ್ಪ ಫೋನಿನ ಹಾಗೆ ಕೇಳುತ್ತದೆ, ಅದೊಂದೇ ಕೊರತೆ.

ಕಾಲರ್ ಮೈಕ್ ಓಡಾಡುತ್ತಾ ಅಥವಾ ಬೋರ್ಡ್ ಮೇಲೆ ಬರೆಯುತ್ತಾ ಪಾಠ ಹೇಳುವವರಿಗೆ. ಹೆಚ್ಚಿನವು ಓಮ್ನಿ, ಹಾಗಾಗಿ ಕೋಣೆಯ ಸದ್ದೂ ಬರುತ್ತದೆ. ದುಪಟ್ಟಾ, ಸರ ತಾಗಿದರೆ ಕರಕರ ಅನ್ನುತ್ತದೆ.

ಬ್ಲೂಟೂತ್ ಇಯರ್‌ಫೋನ್‌ನಲ್ಲಿ ರೆಕಾರ್ಡ್ ಮಾಡಬೇಡಿ. ಅದರ ಮೈಕ್ ಆನ್ ಆದ ತಕ್ಷಣ ಕಂಪ್ಯೂಟರ್ ಸಾಮಾನ್ಯವಾಗಿ ಫೋನ್ ಕರೆಯ ಮೋಡ್‌ಗೆ ಇಳಿಯುತ್ತದೆ. ಅಲ್ಲಿ ದನಿಯ ಸ್ಯಾಂಪಲ್ ದರ, ಅಂದರೆ ಸೆಕೆಂಡಿಗೆ ಎಷ್ಟು ಸಲ ದನಿಯನ್ನು ಅಳೆಯುತ್ತದೆ ಅನ್ನುವುದು, ಹೆಚ್ಚಾಗಿ 8 ಅಥವಾ 16 ಕಿಲೊಹರ್ಟ್ಸ್ ಅಷ್ಟೇ. ಸಿಡಿಯದ್ದು 44.1. ‘ಸ’, ‘ಶ’ ಎಲ್ಲ ಮುದ್ದೆಯಾಗಿ ಕೇಳುವುದು ಇದರಿಂದಲೇ. ನಿಮ್ಮ ಕಿವಿಗೆ ಬರುವ ಸಂಗೀತವೂ ಅದೇ ಹೊತ್ತಿಗೆ ಸಪ್ಪೆಯಾಗುತ್ತದೆ, ಗಮನಿಸಿರಬಹುದು.

ಯುಎಸ್‌ಬಿ ಸಾಕಾ, ಎಕ್ಸ್‌ಎಲ್‌ಆರ್ ಬೇಕಾ?

ಯುಎಸ್‌ಬಿ ಮೈಕ್ ಅಂದರೆ ಮೂರು ಸಾಮಾನು ಒಂದೇ ಡಬ್ಬಿಯಲ್ಲಿ: ಮೈಕ್, ದನಿ ಹೆಚ್ಚಿಸುವ ಪ್ರೀಆ್ಯಂಪ್, ದನಿಯನ್ನು ಅಂಕಿ ಮಾಡುವ ಪರಿವರ್ತಕ. ಎಕ್ಸ್‌ಎಲ್‌ಆರ್ ದಾರಿಯಲ್ಲಿ ಮೈಕ್ ಬೇರೆ, ಉಳಿದ ಎರಡು ಕೆಲಸ ಮಾಡುವ ಆಡಿಯೊ ಇಂಟರ್‌ಫೇಸ್ ಬೇರೆ. ಮಧ್ಯೆ ಮೂರು ಪಿನ್ನಿನ ದಪ್ಪ ಕೇಬಲ್. ಕಂಡೆನ್ಸರ್ ಆದರೆ ಇಂಟರ್‌ಫೇಸ್‌ನಿಂದ 48 ವೋಲ್ಟ್ ಫ್ಯಾಂಟಮ್ ಪವರ್ (ಅದೇ ಕೇಬಲ್‌ನಲ್ಲಿ ಮೈಕಿಗೆ ಹೋಗುವ ವಿದ್ಯುತ್) ಕೊಡಬೇಕು. ಯುಎಸ್‌ಬಿ ಮೈಕಿಗೆ ಆ ತಲೆನೋವಿಲ್ಲ, ಕಂಪ್ಯೂಟರಿನ 5 ವೋಲ್ಟ್‌ನಲ್ಲೇ ನಡೆಯುತ್ತದೆ.

ಒಬ್ಬರೇ ಮಾತಾಡುವವರಿಗೆ ಯುಎಸ್‌ಬಿ ಸಾಕು, ಇದರಲ್ಲಿ ನನಗೆ ಅನುಮಾನ ಇಲ್ಲ. ಇಂಟರ್‌ಫೇಸ್‌ಗೆ ಕೊಡುವ ಹಣವನ್ನು ಒಂದು ಒಳ್ಳೆಯ ಸ್ಟ್ಯಾಂಡ್‌ಗೆ, ಕಿಟಕಿಯ ಪರದೆಗೆ ಹಾಕಿದರೆ ದನಿ ಜಾಸ್ತಿ ಸುಧಾರಿಸುತ್ತದೆ. ಎಕ್ಸ್‌ಎಲ್‌ಆರ್ ಬೇಕಾಗುವುದು ಎರಡು ಸಂದರ್ಭದಲ್ಲಿ. ಒಂದು, ಇಬ್ಬರು ಮೂವರು ತಮ್ಮ ತಮ್ಮ ಮೈಕಿಗೆ ಮಾತಾಡುವಾಗ. ಇನ್ನೊಂದು, ಮೈಕ್ ಕಂಪ್ಯೂಟರಿನಿಂದ ದೂರ ಇರಬೇಕಾದಾಗ. ಯುಎಸ್‌ಬಿ 2.0 ಕೇಬಲ್‌ಗೆ 5 ಮೀಟರ್ ಮಿತಿ. ಎಕ್ಸ್‌ಎಲ್‌ಆರ್ ಕೇಬಲ್ ಹತ್ತಾರು ಮೀಟರ್ ಎಳೆದರೂ ತೊಂದರೆ ಇಲ್ಲ.

ಮುಂದೆ ಬೇಕಾಗಬಹುದು ಅಂತ ಅನಿಸುತ್ತಿದ್ದರೆ ಎರಡೂ ಇರುವ ಮೈಕ್ ತೆಗೆದುಕೊಳ್ಳಿ. ಮೇಲೆ ಹೇಳಿದ ಕ್ಯು2ಯು, ಎಟಿಆರ್2100ಎಕ್ಸ್, ಎಂವಿ7 ಮೂರರಲ್ಲೂ ಯುಎಸ್‌ಬಿ ಮತ್ತು ಎಕ್ಸ್‌ಎಲ್‌ಆರ್ ಎರಡೂ ಇವೆ. ಈವತ್ತು ಲ್ಯಾಪ್‌ಟಾಪ್‌ಗೆ, ನಾಳೆ ಇಂಟರ್‌ಫೇಸ್‌ಗೆ.

ಪೆಟ್ಟಿಗೆ ಮೇಲಿನ ಅಂಕಿಗಳು

‘24 ಬಿಟ್, 192 ಕಿಲೊಹರ್ಟ್ಸ್’ ಅಂತ ದೊಡ್ಡಕ್ಷರದಲ್ಲಿ ಬರೆದಿರುತ್ತಾರೆ. ಮಾತಿನ ರೆಕಾರ್ಡಿಂಗ್‌ಗೆ 48 ಕಿಲೊಹರ್ಟ್ಸ್ ಸಾಕು, ವಿಡಿಯೊಗೂ ಅದೇ ಹೊಂದುತ್ತದೆ. 192ರಲ್ಲಿ ಒಂದು ಗಂಟೆ ಮೊನೊ (ಒಂದೇ ಚಾನೆಲ್) ರೆಕಾರ್ಡ್ ಮಾಡಿದರೆ ಫೈಲ್ 2 ಜಿಬಿ ದಾಟುತ್ತದೆ. 48ರಲ್ಲಿ 520 ಎಂಬಿ ಒಳಗೇ ಮುಗಿಯುತ್ತದೆ. ಕಿವಿಗೆ ವ್ಯತ್ಯಾಸ ಇಲ್ಲ, ಹಾರ್ಡ್‌ಡಿಸ್ಕ್‌ಗೆ ಮಾತ್ರ ಇದೆ.

ಬಿಟ್ ವಿಷಯ ಸ್ವಲ್ಪ ಬೇರೆ. 16 ಬಿಟ್‌ನಲ್ಲಿ ತೀರಾ ಮೆಲ್ಲಗಿನ ಸದ್ದಿನಿಂದ ತೀರಾ ಜೋರಿನವರೆಗೆ ಸುಮಾರು 96 ಡೆಸಿಬೆಲ್ ಜಾಗ ಇದೆ. 24 ಬಿಟ್‌ನಲ್ಲಿ ಲೆಕ್ಕದ ಪ್ರಕಾರ 144. ಇದರಿಂದ ಆಗುವ ಲಾಭ ಅಂದರೆ ಗೇನ್ ಕಡಿಮೆ ಇಟ್ಟು ರೆಕಾರ್ಡ್ ಮಾಡಿ ಆಮೇಲೆ ಏರಿಸಿಕೊಳ್ಳಬಹುದು. ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ಮಾತಿಗೆ ಏನೂ ಆಗುವುದಿಲ್ಲ, ಮಾಮೂಲಿ ಕೋಣೆಯ ಫ್ಯಾನಿನ ಸದ್ದೇ 16 ಬಿಟ್‌ನ ತಳಕ್ಕಿಂತ ಎಷ್ಟೋ ಮೇಲಿರುತ್ತದೆ.

ಅಂಕಿಗಳ ಬದಲು ಈ ಮೂರು ನೋಡಿ. ಮೈಕಿನಲ್ಲೇ ಹೆಡ್‌ಫೋನ್ ತೂತು ಇದೆಯಾ? ನಿಮ್ಮ ದನಿ ಕಂಪ್ಯೂಟರ್ ಸುತ್ತಿ ಬರುವಾಗ ತಡವಾಗುತ್ತದೆ, ನಾಲಿಗೆ ತೊದಲುತ್ತದೆ. ಮೈಕಿನಿಂದಲೇ ನೇರ ಕೇಳಿದರೆ ಆ ಕಾಟ ಇಲ್ಲ. ಗೇನ್ ತಿರುಗಣೆ ಮೈಕ್ ಮೇಲೇ ಇದೆಯಾ? ಮ್ಯೂಟ್ ಗುಂಡಿ ಒತ್ತಿದಾಗ ಟಕ್ ಅಂತ ಸದ್ದು ರೆಕಾರ್ಡಿಂಗ್‌ಗೆ ಬೀಳುತ್ತದಾ? ಮೂರನೆಯದನ್ನು ಯಾವ ಪೆಟ್ಟಿಗೆಯೂ ಹೇಳುವುದಿಲ್ಲ, ಕೈಯಲ್ಲಿ ಒತ್ತಿಯೇ ನೋಡಬೇಕು. ಕ್ವಾಡ್‌ಕಾಸ್ಟ್‌ನಲ್ಲಿ ನೆತ್ತಿಯನ್ನು ಮುಟ್ಟಿದರೆ ಮ್ಯೂಟ್, ದೀಪವೂ ಆರುತ್ತದೆ. ಅಂಥದ್ದು ಹಾಯೆನಿಸುತ್ತದೆ.

ಚುಚ್ಚಿದ ಮೇಲೆ

ಮೊದಲು ಕೇಬಲ್. ಮೈಕ್ ಜೊತೆ ಬಂದದ್ದನ್ನೇ ಬಳಸಿ. ಮನೆಯಲ್ಲಿ ಬಿದ್ದಿರುವ ಕೆಲವು ಕೇಬಲ್‌ಗಳು ಬರೀ ಚಾರ್ಜಿಂಗ್‌ಗೆ ಅಂತಲೇ ಇರುತ್ತವೆ, ಅವುಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ಮೈಕಿನ ದೀಪ ಹತ್ತುತ್ತದೆ, ಕಂಪ್ಯೂಟರ್‌ಗೆ ಮಾತ್ರ ಮೈಕ್ ಕಾಣುವುದಿಲ್ಲ. ಡ್ರೈವರ್ ಹುಡುಕುತ್ತಾ ಸಂಜೆ ಕಳೆಯುವ ಮೊದಲು ಕೇಬಲ್ ಬದಲಿಸಿ ನೋಡಿ. ಅಂದ ಹಾಗೆ ಹೆಚ್ಚಿನ ಯುಎಸ್‌ಬಿ ಮೈಕ್‌ಗಳಿಗೆ ಬೇರೆ ಡ್ರೈವರ್ ಬೇಕಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರೂ ಅವನ್ನು ತಾವೇ ಗುರುತಿಸುತ್ತವೆ.

ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್‌ಗೆ ಹೋಗಿ ಇನ್‌ಪುಟ್‌ನಲ್ಲಿ ಹೊಸ ಮೈಕ್ ಆರಿಸಿ. ಅಲ್ಲೇ ‘ಆಡಿಯೊ ಎನ್‌ಹ್ಯಾನ್ಸ್‌ಮೆಂಟ್ಸ್’ ಇದ್ದರೆ ಆಫ್ ಮಾಡಿ. ಔಟ್‌ಪುಟ್ ಕೂಡ ನೋಡಿ. ಹೆಡ್‌ಫೋನ್ ತೂತು ಇರುವ ಮೈಕನ್ನು ವಿಂಡೋಸ್ ಒಂದು ಸ್ಪೀಕರ್ ಅಂತಲೂ ತಿಳಿಯುತ್ತದೆ. ಮೈಕ್ ಚುಚ್ಚಿದ ತಕ್ಷಣ ಸ್ಪೀಕರ್‌ನಿಂದ ಸದ್ದು ಮಾಯವಾಗಿದ್ದರೆ ಕಾರಣ ಅದೇ. ಮೀಟರ್ ಪೂರ್ತಿ ಸತ್ತಿದ್ದರೆ ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ಆ್ಯಪ್‌ಗಳಿಗೆ ಮೈಕ್ ಬಳಸಲು ಅನುಮತಿ ಇದೆಯಾ ನೋಡಿ. ಮ್ಯಾಕ್‌ನಲ್ಲೂ ಹಾಗೇ: ಸೌಂಡ್‌ನಲ್ಲಿ ಇನ್‌ಪುಟ್, ಪ್ರೈವೆಸಿ ಅಂಡ್ ಸೆಕ್ಯುರಿಟಿಯಲ್ಲಿ ಅನುಮತಿ.

ರೆಕಾರ್ಡಿಂಗ್ ಆ್ಯಪ್‌ನಲ್ಲೂ ಮೈಕನ್ನು ಇನ್ನೊಮ್ಮೆ ಆರಿಸಬೇಕು. ನಾನು ಜಾರಿ ಬಿದ್ದಿದ್ದು ಇಲ್ಲೇ. ಆಡಾಸಿಟಿ ತೆರೆದ ಮೇಲೆ ಮೈಕ್ ಚುಚ್ಚಿದರೆ ಅದರ ಪಟ್ಟಿಯಲ್ಲಿ ಮೈಕ್ ಕಾಣದೆ ಹೋಗಬಹುದು. ‘ರೀಸ್ಕ್ಯಾನ್ ಆಡಿಯೊ ಡಿವೈಸಸ್’ ಒತ್ತಿ, ಇಲ್ಲವೇ ಮುಚ್ಚಿ ತೆರೆಯಿರಿ. ಚಾನೆಲ್ ಮೊನೊ ಇಡಿ, ಒಬ್ಬರ ಮಾತಿಗೆ ಸ್ಟೀರಿಯೊ ಬೇಡ. ಆಮೇಲೆ ಉಗುರಿನಿಂದ ಕೆರೆಯಿರಿ. ಯಾವುದನ್ನು ಕೆರೆದಾಗ ಮೀಟರ್ ಎಗರುತ್ತದೋ ಅದೇ ನಿಮ್ಮ ಮೈಕ್.

ಗೇನ್ ಹೊಂದಿಸಲು ‘ಹಲೋ ಹಲೋ ಮೈಕ್ ಟೆಸ್ಟಿಂಗ್’ ಅನ್ನಬೇಡಿ. ಆಗ ಎಲ್ಲರೂ ಮೆಲ್ಲಗೆ ಮಾತಾಡುತ್ತಾರೆ. ನಿಮಗೆ ನಗು ಬರುವ, ಸಿಟ್ಟು ಬರುವ ಯಾವುದಾದರೂ ವಿಷಯ ಅರ್ಧ ನಿಮಿಷ ಮಾತಾಡಿ. ಆಗಿನ ಜೋರು ದನಿ ಮೀಟರಿನಲ್ಲಿ ಮೈನಸ್ 12ರಿಂದ ಮೈನಸ್ 6ರ ನಡುವೆ ನಿಲ್ಲಲಿ. ಸೊನ್ನೆ ಮುಟ್ಟಿದರೆ ದನಿ ಹರಿದುಹೋಗುತ್ತದೆ, ಆಮೇಲೆ ಯಾವ ಸಾಫ್ಟ್‌ವೇರ್‌ನಿಂದಲೂ ಅದನ್ನು ಪೂರ್ತಿ ಹೊಲಿಯಲು ಆಗುವುದಿಲ್ಲ. ಗೇನ್ ಏರಿಸಿದರೆ ದನಿ ಹತ್ತಿರ ಬರುತ್ತದೆ ಅನ್ನುವ ನಂಬಿಕೆ ತುಂಬಾ ಜನರಿಗಿದೆ. ಗೇನ್ ಏರಿದರೆ ಕೋಣೆಯೂ ಅಷ್ಟೇ ಏರುತ್ತದೆ. ಹತ್ತಿರ ಬರಬೇಕಾದವರು ನೀವು.

ಪ, ಫ, ಬ, ಭ

ಅಂಗೈಯನ್ನು ಬಾಯಿಯ ಮುಂದೆ ಹಿಡಿದು ‘ಭಾರಿ ಫಸಲು, ಪೆಟ್ಟಿಗೆ ಪೂರ್ತಿ ಭರ್ತಿ’ ಅನ್ನಿ. ಗಾಳಿ ತಟ್ಟಿದ್ದು ಗೊತ್ತಾಯಿತಲ್ಲ? ಅಷ್ಟೇ ಗಾಳಿ ಮೈಕಿನ ಪೊರೆಗೂ ಬಡಿಯುತ್ತದೆ, ರೆಕಾರ್ಡಿಂಗ್‌ನಲ್ಲಿ ‘ಬುಫ್’ ಅನ್ನುತ್ತದೆ. ಈಗ ‘ಮನೆ ನೆನಪು’ ಅನ್ನಿ. ಮೊದಲ ಪದದಲ್ಲಿ ಕೈಗೆ ಏನೂ ತಾಗುವುದಿಲ್ಲ, ಕೊನೆಯ ‘ಪು’ನಲ್ಲಿ ಮಾತ್ರ ಒಂದು ತಟ್ಟು. ನಮ್ಮ ಭಾಷೆಯಲ್ಲಿ ಮಹಾಪ್ರಾಣಗಳು ಇರುವುದರಿಂದ, ಒತ್ತಿ ಉಚ್ಚರಿಸುವವರಿಗೆ ಈ ಕಾಟ ಇನ್ನೂ ಜಾಸ್ತಿ. ಸುದ್ದಿ ಓದುವವರ ಹಾಗೆ ‘ಭ’ವನ್ನು ಖಡಕ್ಕಾಗಿ ಹೇಳುವವರು ಪಾಪ್ ಫಿಲ್ಟರ್ (ಬಾಯಿಯ ಗಾಳಿ ತಡೆಯುವ ಮರೆ) ಇಲ್ಲದೆ ಕೂರಲೇಬಾರದು.

ಫಿಲ್ಟರ್‌ನಲ್ಲಿ ಎರಡು ಬಗೆ. ಮೈಕಿಗೆ ತೊಡಿಸುವ ಫೋಮ್ ಟೋಪಿ ಅಗ್ಗ, ಜಾಗ ತಿನ್ನುವುದಿಲ್ಲ, ಆದರೆ ಹೊಳಪನ್ನು ಸ್ವಲ್ಪ ಕಳೆಯುತ್ತದೆ. ಬಳೆಗೆ ಬಿಗಿದ ನೈಲಾನ್ ಬಟ್ಟೆಯದ್ದು ಗಾಳಿಯನ್ನು ಚೆನ್ನಾಗಿ ತಡೆಯುತ್ತದೆ, ವಿಡಿಯೊದಲ್ಲಿ ಮಾತ್ರ ಮುಖಕ್ಕೆ ಅಡ್ಡ. ಮೂರನೇ ದಾರಿ ಪುಕ್ಕಟೆ: ಮೈಕನ್ನು ಬಾಯಿಯ ನೇರಕ್ಕೆ ಇಡಬೇಡಿ. ತುಟಿಯ ಕೊನೆಗೆ, ಸ್ವಲ್ಪ ಓರೆಯಾಗಿ ಇಟ್ಟು ಅದರ ಮುಖವನ್ನು ಬಾಯಿಯ ಕಡೆ ತಿರುಗಿಸಿ. ಗಾಳಿ ಪಕ್ಕದಲ್ಲಿ ಹಾದುಹೋಗುತ್ತದೆ, ದನಿ ಮಾತ್ರ ಸಿಗುತ್ತದೆ. ‘ಶಶಿ ಸುಮ್ನೆ ಸೀಟಿ ಹೊಡೆದ’ ಅಂದಾಗ ಕಿವಿ ಚುಚ್ಚುವ ಸೀಟಿಯೂ ಇದರಿಂದ ಇಳಿಯುತ್ತದೆ.

ತೀರಾ ಹತ್ತಿರ ಹೋದರೆ ಇನ್ನೊಂದು ತಮಾಷೆ. ಕಾರ್ಡಿಯಾಯ್ಡ್ ಮೈಕ್‌ಗಳಲ್ಲಿ ಬಾಯಿ ಹತ್ತಿರ ಬಂದಷ್ಟೂ ಕೆಳಸ್ವರ ಉಬ್ಬುತ್ತದೆ. ರೇಡಿಯೊದ ಗಂಭೀರ ದನಿಯ ಗುಟ್ಟಲ್ಲಿ ಇದೂ ಒಂದು. ಹದವಾಗಿದ್ದರೆ ಚೆಂದ. ಮೂತಿ ತಾಗಿಸಿದರೆ ಮಾತು ಡಬ್ಬಿಯೊಳಗೆ ಸಿಕ್ಕಿಕೊಂಡ ಹಾಗೆ.

ಸ್ಟ್ಯಾಂಡ್ ಬಗ್ಗೆ ಎರಡು ಮಾತು. ಪೆಟ್ಟಿಗೆಯಲ್ಲಿ ಬರುವ ಮೇಜಿನ ಸ್ಟ್ಯಾಂಡ್ ಗಿಡ್ಡ, ಮೈಕ್ ನಿಮ್ಮ ಎದೆಯ ಎತ್ತರದಲ್ಲಿ ಉಳಿಯುತ್ತದೆ. ಮೇಜು ತಟ್ಟಿದ್ದು, ಕೀ ಒತ್ತಿದ್ದು ಎಲ್ಲ ಕಾಲಿನ ಮೂಲಕ ಹತ್ತಿ ಬರುತ್ತದೆ. ಮೇಜಿನ ಅಂಚಿಗೆ ಕಚ್ಚುವ ಮಡಚುವ ತೋಳು ಕೊಂಡರೆ ಮೈಕ್ ಬಾಯಿವರೆಗೆ ಬರುತ್ತದೆ. ಕೊಳ್ಳುವಾಗ ಮೈಕ್ ಕೂರಿಸುವ ತಿರುಪಿನ ಅಳತೆ ನೋಡಿ. ಮೈಕ್‌ಗಳಲ್ಲಿ 5/8 ಇಂಚು, 3/8 ಇಂಚು ಎರಡೂ ಇವೆ. ನಡುವೆ ಹಾಕುವ ಚಿಕ್ಕ ಅಡಾಪ್ಟರ್ ಸಿಗುತ್ತದೆ. ತೋಳು ಬೇಡ ಅಂದರೆ ಸದ್ಯಕ್ಕೆ ನಾಲ್ಕು ದಪ್ಪ ಪುಸ್ತಕ, ಮೇಲೊಂದು ಮಡಚಿದ ಟವೆಲ್. ನಾನು ಆರು ತಿಂಗಳು ಹಾಗೇ ನಡೆಸಿದೆ.

ಆ ಸಣ್ಣ ಕೀಂಯ್

ಎಲ್ಲ ಸರಿ ಇದ್ದೂ ಹಿನ್ನೆಲೆಯಲ್ಲಿ ಸೊಳ್ಳೆಯ ಹಾಗೆ ಒಂದೇ ಸ್ವರದಲ್ಲಿ ಕೀಂಯ್ ಅನ್ನುತ್ತಿದ್ದರೆ ಅದು ಕೋಣೆಯದಲ್ಲ, ಯುಎಸ್‌ಬಿಯದು. ಕಂಪ್ಯೂಟರ್ ಯುಎಸ್‌ಬಿ ಮೂಲಕ ಸೆಕೆಂಡಿಗೆ ಸಾವಿರ ಸಲ, ಹೊಸ ವೇಗದಲ್ಲಾದರೆ ಎಂಟು ಸಾವಿರ ಸಲ ಡೇಟಾ ಗಂಟು ಕಳಿಸುತ್ತದೆ. ಆ ಮಿಡಿತ ವಿದ್ಯುತ್ ದಾರಿಯಲ್ಲಿ ಸೋರಿ ಮೈಕಿನ ಪ್ರೀಆ್ಯಂಪ್‌ಗೆ ಸೇರಿದರೆ 1 ಅಥವಾ 8 ಕಿಲೊಹರ್ಟ್ಸ್ ಸ್ವರವಾಗಿ ಕೇಳುತ್ತದೆ. ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ರೆಕಾರ್ಡ್ ಮಾಡಿ. ಆಮೇಲೆ ಬೇರೆ ಪೋರ್ಟ್. ಡೆಸ್ಕ್‌ಟಾಪ್ ಆದರೆ ಮುಂದಿನ ಪೋರ್ಟ್ ಬಿಟ್ಟು ಹಿಂದಿನದ್ದಕ್ಕೆ ಹಾಕಿ. ಅದಕ್ಕೂ ಬಗ್ಗದಿದ್ದರೆ ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್. ಕೆಳಗಿನ ಗುಂಯ್ ಬೇರೆ, ಅದು ಸಾಮಾನ್ಯವಾಗಿ ಕರೆಂಟಿನ 50 ಹರ್ಟ್ಸ್ ಗುಣುಗು. ಅದೂ ಚಾರ್ಜರ್ ಕಿತ್ತರೆ ಬಹಳ ಸಲ ಹೋಗುತ್ತದೆ.

ಇನ್ನು ಹಾಡು ಅಥವಾ ವಾದ್ಯ ಆನ್‌ಲೈನ್‌ನಲ್ಲಿ ಕಲಿಸುವವರಿಗೆ ಒಂದು ಸೂಚನೆ. ಜೂಮ್‌ನಂಥ ಆ್ಯಪ್‌ಗಳು ಗಲಾಟೆ ತೆಗೆಯುವ ಭರದಲ್ಲಿ ಉದ್ದ ಎಳೆದ ಸ್ವರವನ್ನೂ ಫ್ಯಾನ್ ಅಂತ ತಿಳಿದು ನುಂಗಿಬಿಡುತ್ತವೆ. ಜೂಮ್‌ನಲ್ಲಿ ‘ಒರಿಜಿನಲ್ ಸೌಂಡ್ ಫಾರ್ ಮ್ಯುಸಿಶಿಯನ್ಸ್’ ಆನ್ ಮಾಡಿ. ಎಷ್ಟೋ ಜನ ಇದಕ್ಕಾಗಿ ಮೈಕನ್ನೇ ಬದಲಿಸಿದ್ದಾರೆ.

ಇಬ್ಬರಿದ್ದರೆ

ಎರಡು ಯುಎಸ್‌ಬಿ ಮೈಕ್‌ಗಳನ್ನು ಒಂದೇ ಕಂಪ್ಯೂಟರ್‌ಗೆ ಚುಚ್ಚಿದರೆ ಆಯಿತಲ್ಲ ಅಂತ ಎಲ್ಲರಿಗೂ ಅನಿಸುತ್ತದೆ. ಅಷ್ಟು ಸಲೀಸಲ್ಲ. ಪ್ರತಿ ಯುಎಸ್‌ಬಿ ಮೈಕಿಗೂ ತನ್ನದೇ ಗಡಿಯಾರ ಇದೆ. ಎರಡೂ 48,000 ಅಂದರೂ ಒಂದು ಕೂದಲಷ್ಟು ಬೇಗ, ಇನ್ನೊಂದು ಕೂದಲಷ್ಟು ತಡ. ಹತ್ತು ನಿಮಿಷಕ್ಕೆ ಗೊತ್ತಾಗುವುದಿಲ್ಲ. ಗಂಟೆ ದಾಟಿದ ಮೇಲೆ ಒಬ್ಬರು ಪ್ರಶ್ನೆ ಮುಗಿಸುವ ಮೊದಲೇ ಇನ್ನೊಬ್ಬರು ಉತ್ತರ ಶುರು ಮಾಡಿದ ಹಾಗೆ ಕೇಳಬಹುದು. ಆಡಾಸಿಟಿಯಂಥ ಆ್ಯಪ್‌ಗಳು ಒಂದು ಸಲಕ್ಕೆ ಒಂದೇ ಸಾಧನದಿಂದ ರೆಕಾರ್ಡ್ ಮಾಡುತ್ತವೆ, ಅದೊಂದು ಬೇರೆ. ಮ್ಯಾಕ್‌ನಲ್ಲಿ ಆಡಿಯೊ ಮಿಡಿ ಸೆಟಪ್ ತೆರೆದು ‘ಅಗ್ರಿಗೇಟ್ ಡಿವೈಸ್’ ಮಾಡಿ, ‘ಡ್ರಿಫ್ಟ್ ಕರೆಕ್ಷನ್’ ಗುರುತು ಹಾಕಿದರೆ ಎರಡನ್ನೂ ಒಂದಾಗಿಸಬಹುದು. ವಿಂಡೋಸ್‌ನಲ್ಲಿ ಇಂಥ ಸುಲಭ ದಾರಿ ಇಲ್ಲ.

ಎರಡು ಎಕ್ಸ್‌ಎಲ್‌ಆರ್ ಮೈಕ್ ಮತ್ತು ಎರಡು ತೂತಿನ ಒಂದು ಇಂಟರ್‌ಫೇಸ್ ಇದಕ್ಕೆ ಸರಿಯಾದ ಉತ್ತರ. ಗಡಿಯಾರ ಒಂದೇ. ಅದಕ್ಕೆ ಈಗಲೇ ಕೈ ಹಾಕಲು ಇಷ್ಟವಿಲ್ಲದಿದ್ದರೆ ಎರಡು ಲ್ಯಾಪ್‌ಟಾಪ್‌ನಲ್ಲಿ ಬೇರೆ ಬೇರೆ ರೆಕಾರ್ಡ್ ಮಾಡಿ. ಶುರುವಿನಲ್ಲಿ ಒಂದು ಚಪ್ಪಾಳೆ, ಮುಗಿಯುವಾಗ ಇನ್ನೊಂದು. ಎಡಿಟಿಂಗ್‌ನಲ್ಲಿ ಮೊದಲ ಚಪ್ಪಾಳೆಯ ಮೊನೆಗಳನ್ನು ಒಂದರ ಕೆಳಗೊಂದು ಕೂರಿಸಿ, ಕೊನೆಯ ಚಪ್ಪಾಳೆಗೆ ಹೋಗಿ ನೋಡಿ. ಅಲ್ಲಿ ಎರಡು ಮೊನೆಗಳ ನಡುವೆ ಎಷ್ಟು ಅಂತರ ಇದೆಯೋ, ಒಂದು ಟ್ರ್ಯಾಕನ್ನು ಅಷ್ಟು ಎಳೆದರೆ ಅಥವಾ ಕುಗ್ಗಿಸಿದರೆ ಇಬ್ಬರೂ ಮತ್ತೆ ಒಂದೇ ಹೊತ್ತಿಗೆ ಮಾತಾಡುತ್ತಾರೆ.